ಹಳೇ ಅಪಾರ್ಟ್‌ಮೆಂಟ್ ರಿಪೇರಿ ಮಾಡಿಸಿದರೆ ಅಕ್ಕಪಕ್ಕದವರ ಒಡನಾಟ ಹೆಚ್ಚುತ್ತಾ?

ನಿಮ್ಮದು 35 ವರ್ಷದ ನಾಲ್ಕು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ. ಅಸೋಸಿಯೇಷನ್ ದುಡ್ಡಲ್ಲಿ ಪೇಂಟು, ಗೇಟು ಮಾಡಿಸಿದರೆ ಜನ ಮತ್ತೆ ಬೆರೆಯುತ್ತಾರಾ ಅಂತ ಕೇಳಿದ್ದೀರಿ. ಪೇಂಟಿನಿಂದ ಆಗುವ ಕೆಲಸ ಅಲ್ಲ ಅದು. ದುಡ್ಡನ್ನು ಮೊದಲು ಲಿಫ್ಟ್‌ಗೆ ಹಾಕಿ, ಆಮೇಲೆ ಕೆಳಗಿನ ಜಾಗಕ್ಕೆ.

ನಾನಿರುವುದು ಸಿಂಗಪುರದಲ್ಲಿ, ಎಚ್‌ಡಿಬಿ ಫ್ಲ್ಯಾಟಿನಲ್ಲಿ. ಎಚ್‌ಡಿಬಿ ಅಂದರೆ 1960ರಲ್ಲಿ ಶುರುವಾದ ಇಲ್ಲಿನ ಸರ್ಕಾರಿ ಗೃಹಮಂಡಳಿ. ಇಲ್ಲಿನ ಹೆಚ್ಚಿನ ಜನ ಇದರ ಮನೆಗಳಲ್ಲೇ ಇದ್ದಾರೆ. ಹಳೇ ಬ್ಲಾಕುಗಳಲ್ಲಿ ಲಿಫ್ಟ್ ಎಲ್ಲ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ. ಮಧ್ಯದವರು ಒಂದೆರಡು ಮಹಡಿ ಮೆಟ್ಟಿಲು ಹತ್ತಬೇಕು, ಇಲ್ಲ ಇಳಿಯಬೇಕು. ಮನೆ ಸಿಕ್ಕಾಗ ಎಲ್ಲರಿಗೂ ಚಿಕ್ಕ ವಯಸ್ಸು, ಹೇಗೋ ನಡೆಯಿತು. ಆಮೇಲೆ ಮಂಡಿನೋವು ಶುರುವಾಯಿತು ನೋಡಿ! ವಯಸ್ಸಾದವರು ಕೆಳಗೆ ಬರುವುದನ್ನೇ ಬಿಟ್ಟರು. 2001ರಲ್ಲಿ ಲಿಫ್ಟ್ ಸುಧಾರಣೆಗೆ ಅಂತಲೇ ಒಂದು ಯೋಜನೆ ಬಂತು. ಎಷ್ಟೋ ಬ್ಲಾಕುಗಳಿಗೆ ಹೊರಗಡೆಯಿಂದ ಹೊಸ ಲಿಫ್ಟ್ ಗೂಡು ಕಟ್ಟಿ, ಪ್ರತಿ ಮಹಡಿಯಲ್ಲೂ ನಿಲ್ಲುವ ಹಾಗೆ ಮಾಡಿದರು. ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದೇ. ಆದರೂ ಬ್ಲಾಕಿನ 75% ಮನೆಗಳವರು ಓಟು ಹಾಕಿ ಒಪ್ಪಿದರೆ ಮಾತ್ರ ಕೆಲಸ.

ಇಳಿದು ಬಂದವರು ಕೂರುವುದೆಲ್ಲಿ? ಇಲ್ಲಿ ಬಹುತೇಕ ಬ್ಲಾಕುಗಳ ನೆಲಮಹಡಿಯಲ್ಲಿ ಮನೆಗಳಿಲ್ಲ, ಬರೀ ಕಂಬಗಳು. ವಾಯ್ಡ್ ಡೆಕ್ ಅಂತಾರೆ. ಮಲಯ್ ಜನರ ಮದುವೆ ಊಟ ಅಲ್ಲೇ, ಚೀನೀಯರ ಮನೆಯಲ್ಲಿ ಸಾವಾದರೆ ಜನ ಸೇರುವುದೂ ಅಲ್ಲೇ. ಕೆಲವು ಕಡೆ ಸಿಮೆಂಟ್ ಮೇಜಿನ ಮೇಲೆ ಚೆಸ್ ಮನೆಗಳನ್ನೇ ಕೂರಿಸಿದ್ದಾರೆ, ತಾತಂದಿರು ಸಂಜೆ ಜಾಗ ಬಿಟ್ಟು ಏಳುವುದಿಲ್ಲ. ನಮ್ಮೂರಲ್ಲಿ ಅದೇ ಜಾಗವನ್ನು ಕಾರುಗಳು ತಿಂದುಬಿಟ್ಟಿವೆ, ಅಲ್ವಾ? ಒಂದೇ ಒಂದು ಕಾರಿನ ಜಾಗ ಬಿಡಿಸಿ, ಗಾಳಿ ಬರುವ ಕಡೆ ಎರಡು ಕಲ್ಲುಬೆಂಚು ಹಾಕಿಸಿ. ಲಿಫ್ಟ್ ಬಾಗಿಲಿಗೆ ಎದುರಾಗಿರಲಿ. ಹಿಂದಿನ ಮೂಲೆಯಲ್ಲಿ ಹಾಕಿದರೆ ಒಣಗಿದ ಕುಂಡ ಇಡೋಕೆ ಆಗುತ್ತೆ ಅಷ್ಟೇ.

ಇನ್ನೊಂದು ವಿಷಯ. ಇಲ್ಲಿ ಹಳೇ ಮನೆಗಳ ಬಚ್ಚಲು, ಪೈಪು, ಉದುರಿದ ಕಾಂಕ್ರೀಟು ಸರಿ ಮಾಡಲು 2007ರಿಂದ ಬೇರೆ ಯೋಜನೆ ಇದೆ. ಅದಕ್ಕೆ ಮನೆ ಖಾಲಿ ಮಾಡಿಸುವುದಿಲ್ಲ. ಬಚ್ಚಲು ಒಡೆದಿರುವಷ್ಟು ದಿನ ತಾತ್ಕಾಲಿಕ ಟಾಯ್ಲೆಟ್ ಕೊಡುತ್ತಾರೆ. ಕಿರಿಕಿರಿ ಹೌದು, ಆದರೆ ಪಕ್ಕದ ಮನೆಯವರು ಪಕ್ಕದಲ್ಲೇ ಇರುತ್ತಾರೆ. ಒಡೆದು ಕಟ್ಟುವಾಗ ಬಾಡಿಗೆ ಮನೆಗೆ ಹೋದವರಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅನ್ನೋ ನಂಬಿಕೆ ನನಗಿಲ್ಲ.

ಇದಕ್ಕೆಲ್ಲ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಕಂಬ, ತೊಲೆ ಪರೀಕ್ಷೆ ಮಾಡಿಸಿ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಸಿಡಿದಿದ್ದರೆ, ಮೇಲೆ ಗಾರೆ ಮೆತ್ತಿ ಮುಚ್ಚೋದು ಅಪಾಯ. ಹೊಸ ಲಿಫ್ಟ್‌ಗೂ ಅವರೇ ಪ್ಲಾನ್ ಕೊಡಲಿ, ಅನುಮತಿಯೂ ಬೇಕಾಗುತ್ತೆ. ನೆಲಮಹಡಿಯವರು "ನಮಗ್ಯಾಕೆ ಲಿಫ್ಟು" ಅಂತ ಖಂಡಿತ ತಕರಾರು ತೆಗೆಯುತ್ತಾರೆ. ಅವರ ಮಾತಲ್ಲಿ ತಪ್ಪಿಲ್ಲ. ಅವರ ಪಾಲು ಕಡಿಮೆ, ಮೇಲ್ಮಹಡಿಯವರದು ಜಾಸ್ತಿ ಅಂತ ಮೀಟಿಂಗ್‌ಗೆ ಮೊದಲೇ ಲೆಕ್ಕ ಬರೆದುಕೊಂಡು ಹೋಗಿ.