64 ಜಿಬಿ ಪೆನ್‌ಡ್ರೈವ್ ಇದ್ದರೂ ಕೀಬೋರ್ಡ್‌ನಲ್ಲಿ ಜಾಗ ಇಲ್ಲ, ಯಾಕೆ?

ಪ್ರಶ್ನೆ: ನನ್ನದು ಯಮಹಾ ಪಿಎಸ್‌ಆರ್-ಎಸ್‌ಎಕ್ಸ್700 ಸಂಗೀತ ಕೀಬೋರ್ಡ್. ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ನಾದಸ್ವರ, ಡೊಳ್ಳು, ತಮಟೆ ಪ್ಯಾಕ್ (ಹೆಚ್ಚುವರಿ ಧ್ವನಿಗಳ ಕಟ್ಟು) ಹಾಕಲು ಹೋದರೆ ಮೆಮೊರಿ ಸಾಲದು ಅನ್ನುತ್ತದೆ. 64 ಜಿಬಿ ಪೆನ್‌ಡ್ರೈವ್ ಚುಚ್ಚಿದರೂ ಅಷ್ಟೇ. ಹೊಸ ಪ್ಯಾಕ್ ಹಾಕಿದರೆ ಹಳೆಯದು ಹೋಗುತ್ತದೆ. ಏನು ಮಾಡಲಿ?

ಉತ್ತರ: ಪೆನ್‌ಡ್ರೈವ್ ಎಷ್ಟೇ ದೊಡ್ಡದಿರಲಿ, ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಸ್ಟೈಲ್ (ತಾನಾಗಿ ನುಡಿಯುವ ಹಿನ್ನೆಲೆ ವಾದ್ಯ), ರಿಜಿಸ್ಟ್ರೇಶನ್ (ಒಂದೇ ಗುಂಡಿಯಲ್ಲಿ ಬರುವಂತೆ ಉಳಿಸಿಟ್ಟ ಸೆಟ್ಟಿಂಗ್), ಆಡಿಯೊ ಫೈಲ್ ಇಡಬಹುದು. ಆದರೆ ಕೀ ಒತ್ತಿದ ಕ್ಷಣಕ್ಕೇ ಸದ್ದು ಬರಬೇಕಲ್ವಾ, ಅದಕ್ಕೆ ಸ್ಯಾಂಪಲ್‌ಗಳು (ವಾದ್ಯದಿಂದ ರೆಕಾರ್ಡ್ ಮಾಡಿದ ಧ್ವನಿಯ ತುಣುಕುಗಳು) ಕೀಬೋರ್ಡ್ ಒಳಗಿನ ಎಕ್ಸ್‌ಪಾನ್ಶನ್ ಮೆಮೊರಿಯಲ್ಲೇ ಕೂತಿರಬೇಕು. ನಿಮ್ಮದರಲ್ಲಿ ಅದು ಸುಮಾರು 400 ಎಂಬಿ. ಇದರ ಮೇಲಿನ ಮಾಡೆಲ್ ಎಸ್‌ಎಕ್ಸ್900ರಲ್ಲಿ ಸುಮಾರು 1 ಜಿಬಿ.

ಹಳೆಯದು ಹೋಗುವುದು ದೋಷ ಅಲ್ಲ. ಇನ್‌ಸ್ಟಾಲ್ ಮಾಡಿದಾಗಲೆಲ್ಲ ಮೊದಲಿದ್ದದ್ದು ಅಳಿಸಿ ಹೊಸದು ಕೂರುತ್ತದೆ. ಹಾಗಾಗಿ ಕಂಪ್ಯೂಟರ್‌ನ ಯಮಹಾ ಎಕ್ಸ್‌ಪಾನ್ಶನ್ ಮ್ಯಾನೇಜರ್ ಸಾಫ್ಟ್‌ವೇರ್‌ನಲ್ಲಿ ಬೇಕಾದ ಎಲ್ಲ ಪ್ಯಾಕ್‌ಗಳನ್ನೂ ಒಟ್ಟಿಗೆ ಟಿಕ್ ಮಾಡಿ, ಒಂದೇ ಇನ್‌ಸ್ಟಾಲ್ ಫೈಲ್ ಮಾಡಿಕೊಳ್ಳಿ. ಆ ಫೈಲ್ ನಿಮ್ಮ ಕೀಬೋರ್ಡಿಗೆ ಮಾತ್ರ ನಡೆಯುತ್ತದೆ, ಸ್ನೇಹಿತರದ್ದು ತಂದು ಹಾಕಿದರೆ ಆಗದು.

ಈಗ ಜಾಗದ ವಿಷಯ. ನೀವೇ ಸ್ಯಾಂಪಲ್ ಮಾಡುವುದಾದರೆ ಉಳಿತಾಯಕ್ಕೆ ತುಂಬಾ ದಾರಿ ಇದೆ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಹತ್ತೂವರೆ ಎಂಬಿ ತಿನ್ನುತ್ತದೆ. ನಾದಸ್ವರವನ್ನು ಎರಡು ಆಕ್ಟೇವ್, ಅಂದರೆ 24 ಸ್ವರ, ಪ್ರತಿ ಸ್ವರಕ್ಕೂ ಮೆಲ್ಲಗೆ, ಮಧ್ಯಮ, ಜೋರು ಅಂತ ಮೂರು ಲೇಯರ್, ಒಂದೊಂದೂ 5 ಸೆಕೆಂಡ್ ಅಂತಿಟ್ಟುಕೊಳ್ಳಿ: ಒಟ್ಟು 6 ನಿಮಿಷ, ಸುಮಾರು 63 ಎಂಬಿ. ಅದನ್ನೇ ಮೋನೊ (ಎರಡರ ಬದಲು ಒಂದೇ ಚಾನೆಲ್) ಮಾಡಿದರೆ ಅರ್ಧಕ್ಕೆ ಇಳಿಯಿತು. ಮೂರು ಸ್ವರಕ್ಕೊಂದು ಸ್ಯಾಂಪಲ್ ಇಟ್ಟು ಅಕ್ಕಪಕ್ಕದ ಕೀಗಳಿಗೆ ಹಂಚಿದರೆ ಹತ್ತೂವರೆ ಎಂಬಿ ಸಾಕು. ಅದಕ್ಕಿಂತ ಜಾಸ್ತಿ ಎಳೆಯಬೇಡಿ, ನಾದಸ್ವರದ ಗುಣವೇ ಕೆಡುತ್ತದೆ. ಡೊಳ್ಳು, ತಮಟೆಯಲ್ಲಿ ಮಾತ್ರ ಕಂಜೂಸಿ ಬೇಡ. ಒಂದೊಂದು ಪೆಟ್ಟು ಎರಡು ಸೆಕೆಂಡ್ ಅಷ್ಟೇ, ಸ್ಟೀರಿಯೊ ಇದ್ದರೂ ಅರ್ಧ ಎಂಬಿ ದಾಟದು, ಪೆಟ್ಟಿನ ನಂತರದ ಗುಂಗು ಪೂರ್ತಿ ಕೇಳಲಿ. ತಂಬೂರಿ ಶ್ರುತಿಯನ್ನು ಸ್ಯಾಂಪಲ್ ಮಾಡಲೇಬೇಡಿ; ವೇವ್ ಫೈಲ್ ಮಾಡಿ ಪೆನ್‌ಡ್ರೈವ್‌ನಿಂದಲೇ ಪ್ಲೇ ಮಾಡಿ.

ಖರೀದಿಸಿದ ಪ್ಯಾಕ್ ಆದರೆ ಅದರೊಳಗೆ ಕೈ ಹಾಕಲು ಆಗದೇ ಇರಬಹುದು. ಆಗ ನೀವು ವೇದಿಕೆಯಲ್ಲಿ ನಿಜಕ್ಕೂ ನುಡಿಸದ ಪ್ಯಾಕ್ ತೆಗೆದುಬಿಡಿ. ಇದೊಂದಕ್ಕಾಗಿ ಎಸ್‌ಎಕ್ಸ್900 ಕೊಳ್ಳುವ ಅವಸರ ಬೇಡ. ಪ್ಯಾಕ್ ತೆಗೆದ ಮೇಲೆ ಅದರ ಧ್ವನಿ ಬಳಸಿದ್ದ ರಿಜಿಸ್ಟ್ರೇಶನ್‌ಗಳನ್ನು ಒಂದೊಂದಾಗಿ ಒತ್ತಿ ಕೇಳಿ, ಬೇರೆ ಧ್ವನಿ (ವಾಯ್ಸ್) ಕೊಟ್ಟು ಸೇವ್ ಮಾಡಿ. ಕಾರ್ಯಕ್ರಮದ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.