ಕುರಿಗೊಬ್ಬರ ಬೇಕು, ಕುರಿಯವರು ನಿಲ್ಲಬೇಕು!

ಪತ್ರ: "ಕೊಯ್ಲಾದ ಮೇಲೆ ನಮ್ಮ ಹೊಲದಲ್ಲಿ ಎಂಟು ದಿನ ಕುರಿ ನಿಲ್ಲಿಸಿದ್ದೆವು. ಕುರಿಗಾರರ ಜೊತೆ ಎರಡು ವರ್ಷದ ಕೂಸೊಂದಿತ್ತು. ಉದ್ದ ಕಾಲು, ಕಡ್ಡಿಯಂಥ ಮೈ. ನೋಡಿ ಅಯ್ಯೋ ಅನಿಸಿತು. ಇವರಿಗೆಲ್ಲ ಮನೆ ಕೊಟ್ಟು ಒಂದು ಕಡೆ ನಿಲ್ಲಿಸಬಾರದೇ? ಹೀಗೆ ಅಲೆದರೆ ಮಕ್ಕಳು ಬೆಳೆಯುವುದು ಹೇಗೆ?" — ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಯಾರದೋ ಕೂಸನ್ನು ನೋಡಿ ಪತ್ರ ಬರೆಯುವಷ್ಟು ಕರುಳು ನಿಮಗಿದೆ. ಅದಕ್ಕೆ ಮೊದಲು ಕೈ ಮುಗಿಯುತ್ತೇನೆ. ಆಮೇಲೆ ಒಂದು ಜಗಳ. ಎಂಟು ದಿನ ಆ ಕುರಿಗಳ ಹಿಕ್ಕೆ ನಿಮ್ಮ ಹೊಲಕ್ಕೆ ಬಿತ್ತು. ಅವರು ಅಲೆಯುವುದು ನಿಂತರೆ ಆ ಗೊಬ್ಬರ ಎಲ್ಲಿಂದ ಬರುತ್ತೆ ಸ್ವಾಮಿ?

ನಿಮ್ಮ ಮಾತಲ್ಲಿ ನಿಜವಿಲ್ಲ ಅನ್ನಲ್ಲ. ಒಂದು ಕಡೆ ನಿಂತವರಿಗೆ ಶಾಲೆ ಹತ್ತಿರ, ಆಸ್ಪತ್ರೆ ಹತ್ತಿರ, ಲಸಿಕೆ ತಪ್ಪೋದಿಲ್ಲ. ಒಪ್ಪಿದೆ. ಆದರೆ ನಿಂತ ತಕ್ಷಣ ಮಗು ದಷ್ಟಪುಷ್ಟ ಆಗುತ್ತೆ ಅನ್ನೋದು ನಾವು ಊರವರು ಕಟ್ಟಿಕೊಂಡ ನಂಬಿಕೆ.

ಉತ್ತರ ಕೆನ್ಯಾದ ಮಾರ್ಸಬಿಟ್ ಕಡೆ ರೆಂಡಿಲೆ ಅನ್ನೋ ಜನ ಇದ್ದಾರೆ. ಒಂಟೆ ಸಾಕುವವರು. 1970ರ ದಶಕದ ಬರದಲ್ಲಿ ಎಷ್ಟೋ ಮಂದಿ ಜಾನುವಾರು ಕಳೆದುಕೊಂಡು ಮಿಷನ್‌ನವರ ಊರುಗಳಲ್ಲಿ ನೆಲೆಯಾದರು. 1990ರ ದಶಕದಲ್ಲಿ ಸಂಶೋಧಕರು ಹೋಗಿ ಅಲೆಯುವ ಹಟ್ಟಿಯ ಮಕ್ಕಳನ್ನೂ ಊರಿನ ಮಕ್ಕಳನ್ನೂ ತೂಗಿದರು. ಸೊರಗಿದ ಮಕ್ಕಳು ಜಾಸ್ತಿ ಸಿಕ್ಕಿದ್ದು ಊರಲ್ಲಿ! ಹಟ್ಟಿಯ ಮಗು ಊರಿನ ಮಗುವಿಗಿಂತ ಮೂರು ಪಟ್ಟು ಹಾಲು ಕುಡಿಯುತ್ತಿತ್ತು. ಕಾರಣ ಸರಳ. ಒಂಟೆ ಮೇವಿರುವ ಕಡೆ ಹೋಗುತ್ತೆ. ಮಗು ಒಂಟೆಯ ಹಿಂದೆ ಇದ್ದರೆ ಹಾಲು, ಊರಲ್ಲಿದ್ದರೆ ಮೆಕ್ಕೆಜೋಳದ ಹಿಟ್ಟಿನ ಗಂಜಿ ಮತ್ತು ಸಕ್ಕರೆ ಚಹಾ. ದನ ಬತ್ತಿಹೋಗುವ ಬೇಸಿಗೆಯಲ್ಲೂ ಒಂಟೆ ಹಾಲು ಕೊಡುತ್ತೆ ಅನ್ನೋದನ್ನೂ ಮರೆಯಬೇಡಿ.

ನಮ್ಮ ಡೆಕ್ಕನಿ ಕುರಿ ಒಂಟೆಯಲ್ಲ, ಗೊತ್ತು. ಅದರ ಹಾಲು ಮರಿಗೇ ಸಾಲದು. ಅದಕ್ಕೇ ಹಿಂಡಿನಲ್ಲಿ ನಾಲ್ಕಾರು ಆಡು ಇರುತ್ತವೆ. ನಾನು ಚಿಕ್ಕವನಿದ್ದಾಗ ಬಾಗಲಕೋಟೆ ಕಡೆಯ ಕುರುಬರು ನಮ್ಮ ಹೊಲದಲ್ಲಿ ಇಳಿಯುತ್ತಿದ್ದರು. ಕುದುರೆ ಮೇಲೆ ಹೇರು, ಹೇರಿನ ಮೇಲೆ ಬಲೆಯಲ್ಲಿ ಎಳೆ ಮರಿಗಳು, ಅದರ ಪಕ್ಕದಲ್ಲೇ ಕಟ್ಟಿ ಕೂರಿಸಿದ ಕೂಸು. ಅಜ್ಜಿ ಕೊಟ್ಟ ಜೋಳದ ಚೀಲ ಹೊತ್ತು ಹೋದವನು ನಾನು. ಆ ತಾಯಿ ಆಡಿನ ಹಿಂಗಾಲು ಹಿಡಿದು ಕೂತು, ಕೆಚ್ಚಲಿಂದ ನೇರ ಮಗುವಿನ ಬಾಯಿಗೆ ಹಾಲು ಹಾರಿಸಿದಳು. ಅರ್ಧ ಬಾಯಿಗೆ, ಅರ್ಧ ಮೂಗಿಗೆ. ಕೂಸು ಕೇಕೆ ಹಾಕಿ ನಗುತ್ತಿತ್ತು. ನಮ್ಮನೆಯಲ್ಲಿ ಎರಡು ಎಮ್ಮೆ ಇದ್ದವು. ಹಾಲೆಲ್ಲ ಡೇರಿಗೆ, ನನಗೆ ಚಹಾ.

ಇನ್ನು ಆ ಕಡ್ಡಿ ಮೈ. ಮಕ್ಕಳ ಬೆಳವಣಿಗೆ ಅಳೆಯುವ ಅಂಗನವಾಡಿ ಗೋಡೆಯ ಪಟ ಬಂದಿರೋದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಅಳತೆಯಿಂದ. ಆರು ದೇಶಗಳ ಮಕ್ಕಳನ್ನು ನೋಡಿ ಮಾಡಿದ್ದು. ನಮ್ಮ ದೇಶದಿಂದ ಆರಿಸಿದ್ದು ದಕ್ಷಿಣ ದೆಹಲಿಯ ಅನುಕೂಲಸ್ಥರ ಮಕ್ಕಳನ್ನು. ಹೊಟ್ಟೆ ತುಂಬಿದ ಮಗು ಹೇಗೆ ಬೆಳೆಯುತ್ತೆ ಅಂತ ನೋಡಬೇಕಿತ್ತು, ತಪ್ಪಲ್ಲ. ಆದರೆ ಇಥಿಯೋಪಿಯಾದ ಪಶುಪಾಲಕರ ಮಕ್ಕಳಲ್ಲಿ ಒಂದು ತಮಾಷೆ ಕಂಡಿದೆ. ಅವರ ಕಾಲು ಉದ್ದ, ಮುಂಡ ಗಿಡ್ಡ. ಎತ್ತರಕ್ಕೆ ತಕ್ಕ ತೂಕ ನೋಡಿದರೆ "ಸೊರಗಿದೆ" ಅನ್ನುತ್ತೆ ಲೆಕ್ಕ, ತೋಳಿಗೆ ಪಟ್ಟಿ ಸುತ್ತಿದರೆ ಎಷ್ಟೋ ಮಕ್ಕಳು ಪಾಸು. ಹಾಗಂತ ನೀವು ಕಂಡ ಕೂಸು ಚೆನ್ನಾಗೇ ಇದೆ ಅಂತ ನಾನು ಹೇಳ್ತಿಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ನಿಜಕ್ಕೂ ಅಪಾಯ, ತಡಮಾಡಬಾರದು. ಸುಮ್ನೆ ಉದ್ದ ಕಾಲು ನೋಡಿ ತೀರ್ಪು ಕೊಡಬೇಡಿ ಅಂದೆ, ಅಷ್ಟೇ.

ಮತ್ತೆ, ಅಂಗನವಾಡಿ ಎಂಬುದು ನಿಮ್ಮ ಹೊಲದಿಂದ ಎಷ್ಟು ದೂರ ಇತ್ತು? ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಮೊದಲ 33 ಜಾಗಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅರ್ಧ ಶತಮಾನ ಆಯಿತು. ಕುರಿ ನೂರಾರು ಮೈಲಿ ನಡೆಯುತ್ತೆ, ಮೊಟ್ಟೆ ಹಾಲಿನ ಲೆಕ್ಕದ ಪುಸ್ತಕ ಬಹುಪಾಲು ಕಡೆ ಗೋಡೆ ದಾಟಲ್ಲ. "ಇವರ ಹೆಸರು ನಮ್ಮಲ್ಲಿಲ್ಲ" ಅನ್ನೋ ಮಾತು ನನ್ನ ಕಿವಿಯಾರೆ ಕೇಳಿದ್ದೇನೆ. ಹೇಳಿದ ಅಂಗನವಾಡಿ ಕಾರ್ಯಕರ್ತೆಯದು ತಪ್ಪಲ್ಲ, ಪಾಪ. ಆಕೆಗೆ ಬರೋದೇ ಹೆಸರು ಇದ್ದಷ್ಟು ಮಕ್ಕಳ ಲೆಕ್ಕ.

ಗೋಮಾಳ ಸೈಟಾಯಿತು, ಕೆರೆಯಂಗಳಕ್ಕೆ ಬೇಲಿ ಬಿತ್ತು. ಮೇವಿಲ್ಲದ ಆಡಿಗೆ ಹಾಲೆಲ್ಲಿ? ಅದನ್ನು ಕೇಳದೆ "ಮನೆ ಕೊಡಿ" ಅನ್ನೋದು ನಮಗೆ ಸುಲಭ. ನಾವೇ ನಿಂತಲ್ಲೇ ನಿಂತವರು, ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣ ಒಡೆದು ಚಹಾದಲ್ಲಿ ಅದ್ದಿ ಮಗುವಿಗೆ ತಿನ್ನಿಸುತ್ತೇವೆ. ಬೆಳಿಗ್ಗೆ ಯಾವ ಊರಿನ ಬಸ್ ನಿಲ್ದಾಣದಲ್ಲಿ ಬೇಕಾದರೂ ನೋಡಿ.

ಅಂದಹಾಗೆ, ನಿಮ್ಮ ಪತ್ರದಲ್ಲಿ ಕೂಸಿನ ಕಾಲಿದೆ, ಮೈ ಇದೆ, ನಿಮ್ಮ ಅಯ್ಯೋ ಇದೆ. ಬೆಳಿಗ್ಗೆ ಅದು ಏನು ತಿಂದಿತ್ತು ಅನ್ನೋದು ಮಾತ್ರ ಇಲ್ಲ. ಮುಂದಿನ ವರ್ಷವೂ ಕುರಿ ಬರುತ್ತವಲ್ವಾ? ಆ ಕೂಸಿನ ತಾಯಿಯನ್ನು ಕೇಳಿ ಬರೆಯಿರಿ, ಅಚ್ಚು ಹಾಕುತ್ತೇವೆ.