ಬೀಗ ತೆಗೆಯಲು ಬಾರದೆಂದಲ್ಲ

ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗನ ಸಮಾಧಿಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ: 'ಆ ದಿಬ್ಬವನ್ನು ಇಂದಿಗೂ ಅಗೆಯದಿರುವುದು ಒಳಗಿನ ವಿಷಬಾಣಗಳ ಭಯದಿಂದಲೇ? ಅಲ್ಲಿನ ಕತ್ತಿಗಳಿಗೆ ಆಗಲೇ ಕ್ರೋಮಿಯಂ ಲೇಪ ಕೊಟ್ಟಿದ್ದರು ಎಂದಿದ್ದೀರಿ, ಆಧಾರವೇನು? ನಮ್ಮ ಕಾಲದಲ್ಲಿ ಆ ಬಾಗಿಲು ತೆರೆದೀತೇ?'

ಮೇಷ್ಟ್ರೇ, ಕ್ರೋಮಿಯಂ ವಿಷಯವನ್ನು ಮೊದಲು ಮುಗಿಸುತ್ತೇನೆ, ತಪ್ಪು ನಮ್ಮದು. ಆಯುಧಗಳ ಮೇಲೆ ಕ್ರೋಮಿಯಂ ಅಂಶ ಸಿಕ್ಕಿದ್ದು ನಿಜ. ಆದರೆ ಅದು ಸಮಾಧಿಯ ಬಳಿ ಹೂತಿದ್ದ ಮಣ್ಣಿನ ಸೈನಿಕ ಬೊಂಬೆಗಳಿಗೂ ಅವುಗಳ ಆಯುಧಗಳ ಮರದ ಭಾಗಗಳಿಗೂ ಬಳಿದಿದ್ದ ಮೆರುಗಿನಿಂದ ಅಂಟಿದ್ದು ಎಂದು 2019ರ ಸಂಶೋಧನೆ ತೋರಿಸಿದೆ. ಕಂಚು ಕೆಡದೆ ಉಳಿದಿದ್ದಕ್ಕೆ ಅದರೊಳಗಿನ ತವರ ಮತ್ತು ಅಲ್ಲಿನ ಮಣ್ಣಿನ ಗುಣವೇ ಕಾರಣವಿರಬೇಕು. ಹಳೆಯ ದಂತಕಥೆಯನ್ನು ಪರೀಕ್ಷಿಸದೆ ಅಚ್ಚಿಗೆ ಕೊಟ್ಟೆವು.

ಇನ್ನು ಬಾಣ. ಚಕ್ರವರ್ತಿ ತೀರಿಕೊಂಡದ್ದು ಕ್ರಿ.ಪೂ. 210ರಲ್ಲಿ. ಸುಮಾರು ನೂರು ವರ್ಷದ ನಂತರ ಇತಿಹಾಸಕಾರ ಸಿಮಾ ಚಿಯೆನ್ ಬರೆದ ಪ್ರಕಾರ, ಒಳಗೆ ನುಗ್ಗಿದವರ ಮೇಲೆ ತಾನಾಗಿ ಬಾಣ ಬಿಡುವ ಬಿಲ್ಲುಗಳಿವೆ, ಪಾದರಸ ಹರಿಯುವ ನದಿಗಳಿವೆ. ವಿಷದ ಮಾತನ್ನು ಆತ ಆಡಿಲ್ಲ, ಅದು ಆಮೇಲಿನವರ ಒಗ್ಗರಣೆ. ನಿಮ್ಮೂರಿನ ಎರಡು ಮಳೆಗಾಲಕ್ಕೆ ಬಟ್ಟೆ ಒಣಹಾಕುವ ಹಗ್ಗ ಲಡ್ಡಾಗುತ್ತದೆ. ಎರಡು ಸಾವಿರ ವರ್ಷ ಬಿಗಿದಿಟ್ಟ ಹೆದೆ ಇನ್ನೂ ಜಿಗಿಯುತ್ತದೆಂದು ನಾನಂತೂ ನಂಬಲಾರೆ. ಪಾದರಸದ ಮಾತು ಬೇರೆ. ಎಂಬತ್ತರ ದಶಕದಲ್ಲಿ ದಿಬ್ಬದ ಮಣ್ಣು ಪರೀಕ್ಷಿಸಿದಾಗ ಅದರ ಪ್ರಮಾಣ ಸುತ್ತಲಿಗಿಂತ ಎಷ್ಟೋ ಹೆಚ್ಚಿತ್ತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ದಿಬ್ಬದ ಮೇಲಿನ ಗಾಳಿಯಲ್ಲೂ ಅದನ್ನು ಅಳೆಯಿತು.

ನನ್ನನ್ನು ನಿದ್ದೆಗೆಡಿಸುವ ಪ್ರಶ್ನೆ ಮಾತ್ರ ಇನ್ನೊಂದಿದೆ. ಪಾದರಸದಂಥ ಗುಟ್ಟನ್ನೂ ಬಲ್ಲ ಇದೇ ಸಿಮಾ ಚಿಯೆನ್, ದಿಬ್ಬದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಹೂತಿದ್ದ ಸುಮಾರು 8,000 ಮಣ್ಣಿನ ಸೈನಿಕರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. 1974ರಲ್ಲಿ ರೈತರು ಬಾವಿ ತೋಡದಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ. ನೂರೇ ವರ್ಷದಲ್ಲಿ ಇಡೀ ಸೈನ್ಯವನ್ನು ಊರು ಮರೆಯಿತೇ?

ಹಾಗಾದರೆ ಅಗೆಯದಿರುವುದೇಕೆ? ಉತ್ತರ ಬೀಜಿಂಗ್ ಬಳಿಯ ಡಿಂಗ್‌ಲಿಂಗ್‌ನಲ್ಲಿದೆ. 1956ರಲ್ಲಿ ಮಿಂಗ್ ಚಕ್ರವರ್ತಿ ವಾನ್‌ಲಿಯ ಆ ಸಮಾಧಿಯನ್ನು ಅಗೆಯಲು ಹೊರಟವರಿಗೆ ಒಂದು ಪುಟ್ಟ ಕಲ್ಲು ಸಿಕ್ಕಿತು. ಒಳಗೋಡೆ ಇಲ್ಲಿಂದ ಎಷ್ಟು ದೂರ, ಎಷ್ಟು ಆಳ ಎಂದು ಅದರ ಮೇಲೆಯೇ ಕೆತ್ತಿತ್ತು! ಮುಂದೊಮ್ಮೆ ತೆರೆಯಬೇಕಾದೀತೆಂದು ಕಟ್ಟಿದವರೇ ಬಿಟ್ಟ ಗುರುತಿರಬೇಕು. ಅಮೃತಶಿಲೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡರೆ ಒಳಗಿನ ಕಲ್ಲಿನ ಅಗುಳಿ ತಾನಾಗಿ ಜಾರಿ ಒರಗಿಕೊಳ್ಳುವಂತಿತ್ತು. ಸಂದಿಯಲ್ಲಿ ಬಾಗಿಸಿದ ಸರಳೊಂದನ್ನು ತೂರಿಸಿ ಆ ಅಗುಳಿಯನ್ನು ಮೆಲ್ಲನೆ ನೆಟ್ಟಗೆ ನಿಲ್ಲಿಸಿದರು. ಬಾಣ ಬರಲಿಲ್ಲ.

ಅನಾಹುತವಾದದ್ದು ಒಳಹೊಕ್ಕ ಮೇಲೆ. ಮುನ್ನೂರು ವರ್ಷ ಕತ್ತಲಲ್ಲಿದ್ದ ರೇಷ್ಮೆ ಗಾಳಿ ತಾಗಿ ಬಣ್ಣಗೆಟ್ಟು ಹಪ್ಪಳವಾಯಿತು. ಹೊಸ ಪ್ರತಿಕೃತಿಗಳು ಬಂದವೆಂದು 1959ರಲ್ಲಿ ಅಸಲಿ ಶವಪೆಟ್ಟಿಗೆಗಳನ್ನೇ ಕಣಿವೆಗೆ ಎಸೆದರು. 1966ರಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲುಪಡೆಯ ಹುಡುಗರು ಚಕ್ರವರ್ತಿಯ ಮತ್ತು ಇಬ್ಬರು ಸಾಮ್ರಾಜ್ಞಿಯರ ಮೂಳೆಗಳನ್ನು ಹೊರಗೆಳೆದು ಸುಟ್ಟರು. ಅಷ್ಟು ಸಾಲದೆಂಬಂತೆ ಆ ಮಣ್ಣಿನ ಸೈನಿಕರೂ ಅದೇ ಪಾಠ ಹೇಳಿದರು: ತೇವದ ಮಣ್ಣಿನಿಂದ ಹೊರಬಂದ ಕೆಲವೇ ನಿಮಿಷಗಳಲ್ಲಿ ಮೈಮೇಲಿನ ಮೆರುಗು ಸುರುಳಿಯಾಗಿ ಎದ್ದು, ಕೆಂಪು, ಹಸಿರು, ನೇರಳೆ ಎಲ್ಲವನ್ನೂ ಕಿತ್ತುಕೊಂಡು ಉದುರುತ್ತಿತ್ತು. ನಾವು ಚಿತ್ರಗಳಲ್ಲಿ ನೋಡುವ ಬೂದು ಮುಖಗಳು ಹಾಗೆ ಬರಿದಾದವು.

ನಮ್ಮ ಕಾಲದಲ್ಲಿ ತೆರೆದೀತೇ ಎಂದಿರಿ. ನಾನಂತೂ ಆಸೆ ಇಟ್ಟುಕೊಂಡಿಲ್ಲ. ತೆರೆದರೆ ವರದಿ ಮಾಡುತ್ತೇವೆ, ಈ ಸಲ ಕ್ರೋಮಿಯಂ ಇಲ್ಲದೆ.

– ಸಂಪಾದಕ